ಅಸ್ತರಿನ ಅಳಿಯಂದಿರು

ಅಳಿಯಂದಿರಲ್ಲಿ ಹಲವು ಬಗೆ. ಕಾಲು ತೊಳೆದು ಒಳಗೆ ಬರುವ ಮೊದಲೇ ತೋಟದ ಕಡೆ ಕಣ್ಣು ಹಾಯಿಸಿ ‘ಈ ಸಲ ಫಸಲು ಹೆಂಗೆ ಮಾವ?’ ಎಂದು ಮಾವನ ಎದೆಬಡಿತ ಏರಿಸುವವರು, ಊಟವಾದದ್ದೇ ಜಗಲಿಯಲ್ಲಿ ಉರುಳಿ ಸಂಜೆ ಕಾಫಿಗೆ ಏಳುವವರು, ತನ್ನ ಅಮ್ಮನ ಸಾರಿಗೂ ಈ ಮನೆಯ ಸಾರಿಗೂ ಇರುವ ವ್ಯತ್ಯಾಸವನ್ನು ಅತ್ತೆಗೆ ಕೇಳಿಸುವಷ್ಟೇ ಮೆಲ್ಲಗೆ ಹೇಳುವವರು. ಇವೆಲ್ಲ ಹಳೇ ತಳಿ, ಇವಕ್ಕೆ ನಮ್ಮ ಮನೆಗಳಲ್ಲಿ ಮದ್ದಿತ್ತು. ಈಚೆಗೆ ಶೃಂಗೇರಿ, ಕೊಪ್ಪ, ಎನ್.ಆರ್.ಪುರದ ಕಡೆ ಕಾಣಿಸಿಕೊಂಡಿರುವ ಹೊಸ ತಳಿಗೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ. ಇವನು ಸಂಶೋಧಕ ಅಳಿಯ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಮನೆಯಲ್ಲೇ ಕೂತು ದುಡಿಯುವ ಸೌಕರ್ಯ. ಹೆಂಡತಿ ಬಾಣಂತನಕ್ಕೆ ತವರಿಗೆ ಹೊರಟರೆ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಹಿಂದೆಯೇ ಬರುತ್ತಾನೆ. ಮಗುವನ್ನು ಎತ್ತಿಕೊಳ್ಳಲು ಹೆದರಿಕೆ. ಆದರೆ ಮಗುವಿನ ಬಗ್ಗೆ ಅವನು ಓದದ್ದು ಉಳಿದಿಲ್ಲ.

ನಮ್ಮ ಭಾವ ಈ ತಳಿಯ ಬೆರಕೆಯಿಲ್ಲದ ಮಾದರಿ.

ಅವರು ನಮ್ಮೂರು ಕೆರೆಕಟ್ಟೆಗೆ ಬಂದಿಳಿದದ್ದು ಆರಿದ್ರಾ ಮಳೆ ಹಿಡಿದ ಹೊತ್ತಿಗೆ. ಕೆರೆಕಟ್ಟೆ ಅಂದರೆ ಶೃಂಗೇರಿಯಿಂದ ನೆಮ್ಮಾರು ದಾಟಿ ಕಾರ್ಕಳದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ರಲ್ಲಿ, ಎಸ್.ಕೆ. ಬಾರ್ಡರಿನ ಘಾಟಿ ಇಳಿಯುವ ಮೊದಲು ಸಿಗುವ ಊರು. ಸುತ್ತಲೂ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಆಗುಂಬೆಯದು ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ, ಪಠ್ಯಪುಸ್ತಕ ಸೇರಿದ ಮಳೆ. ನಮ್ಮದು ಹೆಸರು ಮಾಡದೆ ಸುರಿಯುವ ಮಳೆ. ಜೂನ್ 22ರ ಆಸುಪಾಸಿಗೆ ಆರಿದ್ರೆ ಹಿಡಿದರೆ ಪುನರ್ವಸು, ಪುಷ್ಯ, ಆಶ್ಲೇಷ ಕಳೆದು ಆಗಸ್ಟ್ ನಡುವಿನ ತನಕ ಗಳದ ಮೇಲೆ ಹರವಿದ ಬಟ್ಟೆ ಒಣಗುವುದಿಲ್ಲ, ವಾಸನೆ ಬದಲಾಯಿಸುತ್ತದೆ ಅಷ್ಟೆ.

ಭಾವ ಬಂದವರೇ ಎರಡು ಆಜ್ಞೆ ಹೊರಡಿಸಿದರು. ಒಂದು, ಎಸೆಯುವ ಡೈಪರು ಕೂಡದು. ಇದು ನ್ಯಾಯವೇ. ಕಸದ ಗಾಡಿ ಬಾರದ ಕಾಡಿನೊಳಗೆ ಅದನ್ನು ಎಸೆಯುವುದು ಎಲ್ಲಿಗೆ? ಎರಡು, ಅಜ್ಜಿಯ ಟ್ರಂಕಿನ ಹಳೇ ಬಟ್ಟೆಯೂ ಕೂಡದು. ಅದು ‘ಹೈಜೀನಿಕ್’ ಅಲ್ಲ. ಹಾಗಾದರೆ ಉಳಿದದ್ದು ಬಟ್ಟೆಯ ಡೈಪರು. ಅದರ ರಚನೆಯನ್ನು ಅವರು ಊಟಕ್ಕೆ ಕೂತಲ್ಲೇ ವಿವರಿಸಿದರು. ಹೊರಗೆ ಪಿಯುಎಲ್, ಅಂದರೆ ಪಾಲಿಯೆಸ್ಟರ್ ಬಟ್ಟೆಗೆ ನೀರು ಬಿಡದ ತೆಳು ಪೊರೆ ಅಂಟಿಸಿದ್ದು. ನಡುವೆ ಹೀರುವ ಪದರ. ಒಳಗೆ, ಮಗುವಿನ ಚರ್ಮಕ್ಕೆ ತಾಗುವಲ್ಲಿ, ಅಸ್ತರು.

‘ಎಲ್ಲಾ ಇರೋದು ಅಸ್ತರಲ್ಲಿ ಅತ್ತೆ. ಅದೊಂದು ಸರಿಯಾಗಿ ಆರಿಸಿದ್ರೆ ಮುಗೀತು.’

‘ಹೌದಾ,’ ಎಂದು ಅಮ್ಮ ಇನ್ನೊಂದು ಸೌಟು ಸಾರು ಬಡಿಸಿದಳು. ಅಳಿಯಂದಿರಿಗೆ ಎದುರಾಡುವ ಪದ್ಧತಿ ಅವಳಲ್ಲಿಲ್ಲ. ಹೇಳಬೇಕಾದ್ದನ್ನು ಮಗುವಿಗೆ ಹೇಳುತ್ತಾಳೆ. ಆ ರಾತ್ರಿ ತೊಟ್ಟಿಲು ತೂಗುತ್ತ, ‘ನಿನ್ನ ಅಪ್ಪಯ್ಯನಿಗೆ ಬಚ್ಚಲುಮನೆ ಎಲ್ಲಿದೆ ಅಂತ ಒಂದ್ಸಲ ತೋರಿಸು ಪುಟ್ಟಿ’ ಅಂದದ್ದು ನನಗೆ ಕೇಳಿಸಿತು.

ಮರುದಿನ ಕೊಟ್ಟಿಗೆ ಹಿಂದಿನ ದರೆ ಹತ್ತಿ, ಕೊಡೆ ಹಿಡಿದು, ಎರಡು ಕಡ್ಡಿ ಸಿಗ್ನಲ್ಲಿನಲ್ಲಿ ಭಾವ ಅಸ್ತರುಗಳ ಪಟ್ಟಿ ಇಳಿಸಿಕೊಂಡರು. ಮಲ್, ಫ್ಲಾನೆಲ್, ಬನಿಯನ್ ಬಟ್ಟೆ, ಮೈಕ್ರೋಫ್ಲೀಸ್, ಸ್ವೇಡ್ ಕ್ಲಾತ್, ಬಿದಿರು. ಎದುರಿಗೆ ಕಾಲಂಗಳು: ಹೀರುವ ವೇಗ, ಮೇಲ್ಮೈ ತೇವ, ಮೆದುತನ, ಬಾಳಿಕೆ, ಬೆಲೆ, ಭೂಮಿಗೆ ಎಷ್ಟು ಹೊರೆ. ಒಗೆಯುವವರು ಯಾರು ಎಂಬ ಕಾಲಂ ಇರಲಿಲ್ಲ.

ಶೃಂಗೇರಿ ಪೇಟೆಗೆ ನನ್ನನ್ನೂ ಎಳೆದುಕೊಂಡು ಹೋದರು. ‘ಲೈನಿಂಗ್ ಬಟ್ಟೆ ತೋರಿಸಿ’ ಅಂದದ್ದೇ ಅಂಗಡಿಯವರು ರವಿಕೆ ಲೈನಿಂಗಿನ ಥಾನುಗಳನ್ನು ಹರಡಿಬಿಟ್ಟರು.

‘ಸೀರೆ ಯಾವ ಬಣ್ಣ?’

‘ಸೀರೆಗಲ್ಲ, ಮಗುವಿಗೆ.’

‘ಲಂಗ ರವಿಕೆಗಾ? ಎಷ್ಟು ವರ್ಷ?’

‘ಎರಡು ತಿಂಗಳು.’ ಭಾವ ಉದ್ದೇಶವನ್ನು ಸವಿಸ್ತಾರ ಹೇಳಿದರು. ಅಂಗಡಿಯವರು ಕುಂಕುಮ ಬಣ್ಣದ ಥಾನನ್ನು ನಿಧಾನಕ್ಕೆ ಸುತ್ತಿ ಒಳಗಿಟ್ಟರು. ‘ಅದಕ್ಕೆ ಹೊಸ ಬಟ್ಟೆ ಎಂತಕ್ಕೆ ಮಾರಾಯ್ರೆ?’

ಆದರೂ ವ್ಯಾಪಾರ ವ್ಯಾಪಾರವೇ. ಮಲ್, ಫ್ಲಾನೆಲ್, ಬನಿಯನ್ ಬಟ್ಟೆ ತಲಾ ಕಾಲು ಮೀಟರ್ ಕತ್ತರಿಸಿ ಕೊಟ್ಟರು. ಅಲ್ಲಿಂದ ಟೈಲರ್ ಹತ್ತಿರ. ಶಾಲೆ ಶುರುವಾದ ಕಾಲ, ಅವರ ಸುತ್ತ ಯೂನಿಫಾರಂ ರಾಶಿ. ತಲೆಯೆತ್ತದೆ, ‘ಅಳತೆಗೆ ಹಳೇದೊಂದು ತನ್ನಿ’ ಅಂದರು. ಹಳೇದು ಇರುವಷ್ಟು ಮಗುವಿಗೆ ವಯಸ್ಸಾಗಿಲ್ಲ ಎಂದು ತಿಳಿಸಿ ಹೇಳಿದ್ದಾಯಿತು. ಆಗ ಮಿಶನ್ ನಿಲ್ಲಿಸಿ ಬಟ್ಟೆಗಳನ್ನು ಬೆರಳಲ್ಲಿ ಉಜ್ಜಿ ನೋಡಿ ಅವರು ಒಂದು ಮಾತು ಹೇಳಿದರು. ಈ ಇಡೀ ಪ್ರಕರಣದಲ್ಲಿ ನಾನು ಕೇಳಿದ ಮೊದಲ ಉಪಯೋಗದ ಮಾತು ಅದು. ‘ಒಳಗಿಂದು ಹತ್ತಿ, ಹೊರಗಿಂದು ಪ್ಲಾಸ್ಟಿಕ್ ಜಾತಿ. ನೀರಿಗೆ ಬಿದ್ರೆ ಹತ್ತಿ ಕುಗ್ತದೆ, ಅದು ಕುಗ್ಗೋದಿಲ್ಲ. ಹೊಲಿಗೆ ಎಲ್ಲ ಗುಬುರು ಗುಬುರು ಆಗ್ತದೆ. ಮೊದ್ಲು ಎರಡು ಮೂರು ಸಲ ನೆನೆಸಿ ಒಣಗಿಸಿ ತನ್ನಿ.’

‘ಒಣಗಿಸಿ’ ಅಂದಾಗ ಮೂವರೂ ಬೀದಿ ಕಡೆ ನೋಡಿದೆವು. ಎದುರಿನ ಅಂಗಡಿಯ ಬೋರ್ಡು ಮಳೆಯಲ್ಲಿ ಕಾಣುತ್ತಿರಲಿಲ್ಲ.

ಫ್ಲೀಸು, ಸ್ವೇಡು, ಬಿದಿರು ಕೊರಿಯರಿನಲ್ಲಿ ಬರಬೇಕಿತ್ತು. ಕೊರಿಯರು ನಮ್ಮೂರಿನ ತನಕ ಬರುವುದಿಲ್ಲ, ಶೃಂಗೇರಿಯಲ್ಲೇ ಕೂರುತ್ತದೆ. ಕೊಪ್ಪದ ಸಹಕಾರ ಸಾರಿಗೆ ಓಡುತ್ತಿದ್ದ ಕಾಲದಲ್ಲಿ ಕಂಡಕ್ಟರಿಗೆ ಒಂದು ಮಾತು ಹೇಳಿದರೆ ಪತ್ರೊಡೆ ಎಲೆಯಿಂದ ಹಿಡಿದು ಪಂಪ್‌ಸೆಟ್ಟಿನ ಬಿಡಿಭಾಗದ ತನಕ ಬಸ್ಸಿನಲ್ಲಿ ಬರುತ್ತಿತ್ತು. ಅದು 2020ರಲ್ಲಿ ನಿಂತ ಮೇಲೆ ಇಂಥ ಕೆಲಸ ನನ್ನಂಥ ಭಾವಮೈದುನರ ಬೈಕಿಗೆ ಬಿದ್ದಿದೆ.

ಎಲ್ಲ ಬಂದ ಮೇಲೆ ಜಗಲಿಯಲ್ಲಿ ಪ್ರಯೋಗ. ಆರು ತುಂಡು ಬಟ್ಟೆ ಸಾಲಾಗಿ, ಪ್ರತಿಯೊಂದರ ಅಡಿಗೂ ಒಂದು ಟರ್ಕಿ ಟವೆಲಿನ ಚೂರು. ನೀರಳೆಯಲು ಮಗುವಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆ. ಅದು ಹೊರಗೆ ಬಂದದ್ದು ನೋಡಿ ಅಜ್ಜಿ ‘ಅಯ್ಯೋ ಶಿವನೇ’ ಎಂದು ಕೂತಲ್ಲೇ ಕಣ್ಣು ಮುಚ್ಚಿದಳು. ಭಾವ ನಿಂತು, ಬಗ್ಗಿ, ಕೊನೆಗೆ ಹೊಟ್ಟೆ ಅಡಿಯಾಗಿ ಮಲಗಿ, ಒಂದು ಕಣ್ಣನ್ನು ಬಟ್ಟೆಯ ಮಟ್ಟಕ್ಕೆ ತಂದು, ಒಂದೊಂದರ ಮೇಲೂ ಒಂದೊಂದು ಒಳಲೆ ನೀರು ಹನಿಸಿದರು. ಫೋನಿನಲ್ಲಿ ಸೆಕೆಂಡು ಓಡುತ್ತಿತ್ತು. ಆಮೇಲೆ ಒಣ ಕರ್ಚೀಫು ಒತ್ತಿ ಮೇಲೆಷ್ಟು ಒದ್ದೆ ಉಳಿದಿದೆ ಎಂದು ಕೆನ್ನೆಗೆ ತಾಗಿಸಿ ನೋಡಿದರು.

ಫಲಿತಾಂಶ ಹೀಗೆ. ಫ್ಲೀಸಿನ ಮೇಲೆ ನೀರು ಕ್ಷಣಕಾಲ ಮಣಿಯಾಗಿ ನಿಂತು, ಸುಳಿವೇ ಇಲ್ಲದೆ ಕೆಳಗಿನ ಟವೆಲಿಗೆ ಇಳಿಯಿತು, ಮೇಲೆ ಬಹುಮಟ್ಟಿಗೆ ಒಣ. ಫ್ಲಾನೆಲ್ ಕುಡಿಯಿತು, ಕುಡಿದದ್ದನ್ನು ತಾನೇ ಇಟ್ಟುಕೊಂಡಿತು. ಹೊಸ ಮಲ್ ಬಟ್ಟೆ ಮಾತ್ರ ನೀರನ್ನು ಒಳಕ್ಕೆ ಬಿಡದೆ ಅಂಚಿಗೆ ತಳ್ಳಿ ಸಿಮೆಂಟಿನ ಮೇಲೆ ಹರಿಸಿತು. ‘ಮಲ್ ನೀರು ಹೀರೋದಿಲ್ಲ’ ಎಂದು ಭಾವ ಟೈಪಿಸಿ ಅದಕ್ಕೆ ಸೊನ್ನೆ ಕೊಟ್ಟರು.

‘ಗಂಜಿ ಹೋಗಿಲ್ಲ ಅದ್ರದ್ದು,’ ಎಂದಳು ಅಜ್ಜಿ, ಕಣ್ಣು ತೆರೆಯದೆ.

ಅಜ್ಜಿ ಹೇಳಿದ್ದು ಸರಿ. ಅಂಗಡಿಯ ಹೊಸ ಹತ್ತಿಬಟ್ಟೆಯಲ್ಲಿ ಗಂಜಿ ಇರುತ್ತದೆ, ಪೂರ್ತಿ ತೆಗೆಯದಿದ್ದರೆ ನೂಲಿನ ಸಹಜ ಮೇಣವೂ ಇರುತ್ತದೆ. ಬಿಸಿನೀರಲ್ಲಿ ನಾಲ್ಕೈದು ಸಲ ಬಿದ್ದೆದ್ದ ಮೇಲೇ ಅದು ಹೀರಲು ಕಲಿಯುವುದು. ಸೀರೆ, ಪಂಚೆಗಳು ವರ್ಷಗಟ್ಟಲೆ ಒಗೆಸಿಕೊಂಡು ಕೂಸಿನ ಸೇವೆಗೆ ಅರ್ಹತೆ ಗಳಿಸುತ್ತವೆ. ಅಜ್ಜಿ ಎದ್ದು ಹೋಗಿ ಟ್ರಂಕಿನಿಂದ ಅಜ್ಜನ ಪಂಚೆಯ ಒಂದು ಚೌಕ ತಂದು ಸಾಲಿನ ಕೊನೆಗೆ ಇಟ್ಟಳು. ನೀರು ಬಿದ್ದದ್ದು ಕಂಡಿತು, ಹೋದದ್ದು ಕಾಣಲಿಲ್ಲ. ಭಾವ ಅದನ್ನು ಪಟ್ಟಿಗೆ ಸೇರಿಸಲಿಲ್ಲ. ‘ಅದರ ಸ್ಪೆಸಿಫಿಕೇಷನ್ ಗೊತ್ತಿಲ್ವಲ್ಲ.’

ಆ ಟ್ರಂಕಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಹುಟ್ಟಿದ ಮಗುವಿಗೆ ಮೊದಲು ಹಿರಿಯರು ಉಟ್ಟು ಬಿಟ್ಟ ಬಟ್ಟೆ ಹಾಕುವುದು ನಮ್ಮ ಕಡೆಯ ರೂಢಿ. ಉಟ್ಟವರ ಆಯುಸ್ಸು ಬರಲಿ ಎಂದು ಹೆಸರಿಗೆ, ಮೆದುವಾಗಿರಲಿ ಎಂದು ನಿಜಕ್ಕೆ. ತಳದಲ್ಲಿ ಅಜ್ಜನ ಪಂಚೆಗಳು, ಮೇಲೆ ಮಗ್ಗದ ಸೀರೆಗಳು, ಕೆಲವಕ್ಕೆ ಅಡಿಕೆ ಚೊಗರಿನ ಕಲೆ. ಆ ಕಲೆ ಬಟ್ಟೆ ಹರಿದರೂ ಹೋಗುವುದಿಲ್ಲ. ಹೆಗ್ಗೋಡಿನ ಚರಕದವರು ಅದೇ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಹಾಕಿ ಮಾರುತ್ತಾರೆ, ನಮ್ಮಲ್ಲಿ ಅದಕ್ಕೆ ಬೈಗುಳ. ಅಲ್ಲಿಂದ ಮೇಲೆ ಟ್ರಂಕಿನಲ್ಲಿ ಒಂದು ತಲೆಮಾರೇ ಕಾಣೆ. ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು 1941ರಲ್ಲಿ ಪಾಲಿಯೆಸ್ಟರ್ ನೂಲು ತೆಗೆದರು, ಅದು ಟೆರಿಲಿನ್, ಟೆರಿಕಾಟ್ ಆಗಿ ಮಲೆನಾಡಿಗೂ ಬಂತು, ಅಪ್ಪ, ದೊಡ್ಡಪ್ಪಂದಿರು ಇಸ್ತ್ರಿ ಬೇಡದ ಷರ್ಟು ಹಾಕಿ ಮೆರೆದರು, ಅತ್ತೆ, ಚಿಕ್ಕಮ್ಮಂದಿರು ಜಾರುವ ಸೀರೆ ಉಟ್ಟರು. ಅವರಿಂದ ಮುಂದಿನ ಮಕ್ಕಳಿಗೆ ಒಂದು ಚೂರು ಉಚ್ಚೆಬಟ್ಟೆ ಒದಗಲಿಲ್ಲ. ಈ ಕೊರತೆ ತುಂಬಿದ್ದು ಹತ್ತಿಯ ನೈಟಿ. ನೈಟಿಯನ್ನು ಹೀಯಾಳಿಸಿ ಬರೆದ ಲೇಖಕರು ಎಷ್ಟೋ ಮಂದಿ. ಅವರ ಮೊಮ್ಮಕ್ಕಳು ಮಲಗಿರುವುದು ಅದರ ಮೇಲೇ.

ಬಿದಿರಿನ ಅಸ್ತರು ಅಜ್ಜಿಗೆ ವಿಶೇಷ ಕುತೂಹಲ ತಂದಿತು. ಮುಟ್ಟಿ ನೋಡಿ, ‘ಬಿದಿರಲ್ಲಿ ಬುಟ್ಟಿ ಗೊತ್ತಿತ್ತು, ಕಳಲೆ ಪಲ್ಯ ಗೊತ್ತಿತ್ತು’ ಅಂದಳು. ಭಾವನಿಗೆ ಅದರ ಮೇಲೂ ಒಂದು ಉಪನ್ಯಾಸವಿತ್ತು. ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿ ಮತ್ತೆ ನೂಲು ಎಳೆಯುತ್ತಾರೆ, ಹಾಗಾಗಿ ಅದು ರೇಯಾನೇ, ಬರೀ ಬಿದಿರು ಎಂದು ಮಾರಬೇಡಿ ಎಂದು ಅಮೆರಿಕದ ವ್ಯಾಪಾರ ಆಯೋಗ 2009ರಲ್ಲಿ ಕಂಪನಿಗಳ ಮೇಲೆ ಕ್ರಮ ಕೈಗೊಂಡಿತ್ತು. ಇಷ್ಟೆಲ್ಲ ಗೊತ್ತಿದ್ದೂ ಕೊಂಡದ್ದು ಯಾಕೆ ಎಂದು ಕೇಳಿದರೆ, ‘ಡೇಟಾ ಬೇಕಲ್ವಾ’ ಅಂದರು.

ಅಂತೂ ಗೆದ್ದದ್ದು ಫ್ಲೀಸು. ಟೈಲರು ಹೊಲಿದು ಕೊಟ್ಟರು. ಅದಕ್ಕೆ ಮಳೆಗಾಲದ ಸರ್ಟಿಫಿಕೇಟನ್ನೂ ಭಾವ ಓದಿದರು: ಹತ್ತಿ ಗಾಳಿಯಲ್ಲಿದ್ದರೆ ಸಾಕು, ತೂಕದ ನೂರಕ್ಕೆ ಎಂಟರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರಿನಲ್ಲಿ ಅದು ಅರ್ಧದಷ್ಟೂ ಇಲ್ಲ, ಆದ್ದರಿಂದ ಬೇಗ ಒಣಗುತ್ತದೆ. ಮಾತು ಸತ್ಯ. ಫ್ಲೀಸಿನ ಅಸ್ತರು ಒಣಗಿತು ಕೂಡಾ. ಅದರ ಹಿಂದೆ ಹೊಲಿದ ಹೀರುವ ಪದರ ಒಣಗಲಿಲ್ಲ, ಅದು ಹೀರುವುದಕ್ಕೇ ಇದ್ದದ್ದಲ್ಲವೇ?

ಮೊದಲ ದಿನವೇ ಇನ್ನೊಂದು ಪೇಚು. ನಮ್ಮಲ್ಲಿ ಮಗುವಿಗೆ ಎಣ್ಣೆ ಹಚ್ಚುವುದೆಂದರೆ ಹಚ್ಚುವುದು. ಕೊಬ್ಬರಿ ಎಣ್ಣೆ ತೊಡೆಸಂದಿಯಲ್ಲೂ ಉಳಿದಿರುತ್ತದೆ. ಎಣ್ಣೆಗೂ ಪಾಲಿಯೆಸ್ಟರಿಗೂ ಬಲು ಸ್ನೇಹ, ಹಿಡಿದರೆ ಬಿಡುವುದಿಲ್ಲ. ಎಣ್ಣೆ ಕುಡಿದ ಫ್ಲೀಸು ನೀರನ್ನು ಕೆಳಕ್ಕೆ ಬಿಡದೆ ಬದಿಗೆ ಹರಿಸಿತು. ಅಕ್ಕನ ಸೀರೆ, ಹಾಸಿಗೆ, ಹಾಸಿಗೆಯ ಮೇಲಿದ್ದ ಲ್ಯಾಪ್‌ಟಾಪಿನ ಮೂಲೆ, ಎಲ್ಲಕ್ಕೂ ತಲುಪಿತು. ಭಾವ ಎಣ್ಣೆ ನಿಲ್ಲಿಸಬಹುದೇ ಎಂದು ಕೇಳಿದರು. ಅಮ್ಮ ಮಗುವಿನ ಕಡೆ ತಿರುಗಿ, ‘ಕೇಳಿದ್ಯಾ? ಇನ್ನು ಸ್ನಾನವೂ ನಿಲ್ಲಬಹುದು’ ಎಂದಳು.

ಹತ್ತಿಯಾದರೆ ಇಂಥ ಜಿಡ್ಡಿಗೆ ಅಂಟುವಾಳ ಹಾಕಿ ಹಂಡೆ ನೀರಲ್ಲಿ ಕುದಿಸಿಬಿಡುತ್ತಾರೆ. ಒಣಗಿಸಲು ಕೆಂಡ ಇದೆ. ಬಚ್ಚಲೊಲೆಯ ಕೆಂಡವನ್ನು ತಗಡಿನ ಮೇಲೆ ಎಳೆದು, ಮೇಲೆ ಬಿದಿರಿನ ದೊಡ್ಡ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೈಮೇಲೆ ಉಚ್ಚೆಬಟ್ಟೆ ಹರವುತ್ತಾರೆ. ಚೂರು ಸಾಂಬ್ರಾಣಿ ಉದುರಿಸಿದರೆ ವಾಸನೆಗೂ ಪರಿಹಾರ. ಮಳೆಗಾಲದಲ್ಲಿ ಬಾಣಂತಿ ಇರುವ ಯಾವ ಮನೆಯಲ್ಲೂ ಈ ಬುಟ್ಟಿಗೆ ಬಿಡುವಿಲ್ಲ. ಕರೆಂಟು ಹೋಗಿ ದರೆ ಮೇಲಿನ ಸಿಗ್ನಲ್ಲೂ ಸತ್ತಿದ್ದ ಒಂದು ಸಂಜೆ, ಹೀರುವ ಪದರ ಒಣಗಲೆಂದು ಅಮ್ಮ ಭಾವನ ಸಂಶೋಧನೆಯನ್ನೂ ಅದೇ ಬುಟ್ಟಿಯ ಮೇಲೆ ಸಾಲಾಗಿ ಹರವಿ, ಅಡಿಕೆ ಗೊನೆಗೆ ಕೊಳೆ ಬಂದ ಮಾತಾಡುತ್ತ ಒಳಗೆ ಹೋದಳು. ಪಾಲಿಯೆಸ್ಟರು ಕರಗಲು ಇನ್ನೂರೈವತ್ತು ಡಿಗ್ರಿಯ ಮೇಲೆ ಬೇಕು. ಗಾಳಿಗೆ ಕೆಂಡ ಕೆದರಿತೋ, ಬುಟ್ಟಿ ವಾಲಿತೋ, ಅಷ್ಟು ಸಿಕ್ಕಿತು. ಹೋಗಿ ನೋಡಿದರೆ ಅಸ್ತರುಗಳು ಸುಟ್ಟ ಹಪ್ಪಳದ ಹಾಗೆ ಮುದುಡಿ ಬುಟ್ಟಿಗೆ ಕಚ್ಚಿಕೊಂಡಿದ್ದವು. ಮಲ್ ಮತ್ತು ಪಂಚೆಯ ಚೌಕಗಳು ಪಕ್ಕದಲ್ಲೇ ಬೆಚ್ಚಗೆ ಗರಿಗರಿಯಾಗಿದ್ದವು.

ಭಾವ ಅದನ್ನೂ ಬರೆದುಕೊಂಡರು. ‘ಹೀಟ್ ರೆಸಿಸ್ಟೆನ್ಸ್’ ಎಂಬ ಹೊಸ ಕಾಲಂ ತೆರೆಯಿತು.

ಈ ಕ್ಷೇತ್ರದಲ್ಲಿ ನಿಜವಾಗಿ ಏನಾದರೂ ಕಂಡುಹಿಡಿದವರಲ್ಲಿ ಮರಿಯನ್ ಡೊನೊವನ್ ಎಂಬ ಅಮೆರಿಕದ ತಾಯಿಯೊಬ್ಬಳಿದ್ದಾಳೆ. ಒಗೆದು ಒಗೆದು ಸಾಕಾಗಿ ಸ್ನಾನದ ಮನೆಯ ಪರದೆ ಕತ್ತರಿಸಿ ನೀರು ಸೋರದ ಹೊದಿಕೆ ಹೊಲಿದವಳು. 1949ರಲ್ಲಿ ಅದು ನ್ಯೂಯಾರ್ಕಿನ ಅಂಗಡಿಗೆ ಬಂತು, 1951ರಲ್ಲಿ ಪೇಟೆಂಟಾಯಿತು. ಆಕೆಯ ಗಂಡ ಏನು ಹೇಳಿದನೋ ಚರಿತ್ರೆಯಲ್ಲಿ ದಾಖಲಾದಂತಿಲ್ಲ. ನಮ್ಮ ಮನೆಯಲ್ಲಿ ಅಕ್ಕ ಒಂದು ಬೆಳಿಗ್ಗೆ ಒದ್ದೆ ಬಟ್ಟೆಯ ಬಕೆಟನ್ನು ಲ್ಯಾಪ್‌ಟಾಪಿನ ಪಕ್ಕ ತಂದಿಟ್ಟು, ‘ಇದೂ ಒಂದು ಡೇಟಾ, ನೋಡ್ಕೊಳ್ಳಿ’ ಎಂದು ಮಲಗಲು ಹೋದಳು. ಭಾವ ಬಚ್ಚಲುಮನೆ ಕಂಡದ್ದು ಅವತ್ತು. ಆ ವಾರದ ಕೊನೆಗೆ ಅವರ ಅಭಿಪ್ರಾಯ ಮೆತ್ತಗಾಯಿತು: ಫ್ಲೀಸಿನ ಅಸ್ತರನ್ನು ಪದರಕ್ಕೆ ಹೊಲಿಯದೆ ಬಿಡಿಯಾಗಿ ಹಾಸುವುದು, ಅದೂ ರಾತ್ರಿ ಹೊತ್ತಿಗೆ ಮಾತ್ರ. ಹಗಲೆಲ್ಲ ಹಳೇ ಪಂಚೆ. ಇದನ್ನು ಅವರು ‘ಹೈಬ್ರಿಡ್ ಮಾಡೆಲ್’ ಎಂದು ಕರೆದರು. ಅಜ್ಜಿ ಪಂಚೆ ಎಂದೇ ಕರೆದಳು.

ಈಗ ಮಗುವಿಗೆ ರಾಗಿ ಸರಿ ಶುರುವಾಗಿದೆ. ಸೊನ್ನೆ ಅಂಕ ಪಡೆದ ಮಲ್ ಬಟ್ಟೆಯಲ್ಲಿ ಬಳಸದೆ ಉಳಿದಿದ್ದ ತುಂಡನ್ನು ಅಮ್ಮ ಚೆನ್ನಾಗಿ ಕುದಿಸಿ, ನೆನೆಸಿ ರುಬ್ಬಿದ ರಾಗಿಯ ಹಾಲು ಸೋಸಲು ಇಟ್ಟುಕೊಂಡಿದ್ದಾಳೆ. ಮೊನ್ನೆ ಭಾವ ಅಡುಗೆಮನೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

‘ಅತ್ತೆ, ಈ ಬಟ್ಟೇಲಿ ಇಂಚಿಗೆ ಎಷ್ಟು ಎಳೆ ಇರಬಹುದು?’

ಅಮ್ಮ ಸೋಸುವುದನ್ನು ನಿಲ್ಲಿಸಲಿಲ್ಲ. ‘ಪುಟ್ಟೀ,’ ಎಂದು ಒಳಗೆ ಕೂಗಿದಳು, ‘ಅಪ್ಪಯ್ಯನಿಗೆ ಆಫೀಸಿನ ಹೊತ್ತಾಯ್ತು ಅಂತ ಹೇಳು.’