ಹಿರಿಯೂರಿನ ಅಜ್ಜಿ, ಇಂಗ್ಲೆಂಡಿನ ಚರ್ಚು

ಮಕ್ಕಳ ಮನೆಗೆಂದು ಬ್ರಿಟನ್ನಿಗೆ ಹೊರಡುವ ಚಿತ್ರದುರ್ಗ ಸೀಮೆಯ ಕ್ರೈಸ್ತ ಹಿರಿಯರಿಗೆ ಸಂದರ್ಶಕ ವೀಸಾ ಸಾಮಾನ್ಯವಾಗಿ 6 ತಿಂಗಳ ವಾಸಕ್ಕೆ ಸಿಗುತ್ತದೆ. ಪೆಟ್ಟಿಗೆಯಲ್ಲಿ ಬೈಬಲ್ಲಿಗಿಂತ ಶೇಂಗಾ ಚಟ್ನಿಪುಡಿಯೇ ಹೆಚ್ಚು ತೂಗುತ್ತದೆ. ತುಪ್ಪವನ್ನು ಮಾತ್ರ ಅಲ್ಲಿನ ಕಾನೂನು ಒಳಗೆ ಬಿಡದು.

ಮೊದಲ ಭಾನುವಾರದ ಪೇಚಾಟ ಚಪ್ಪಲಿಯದು. ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ಬಾಗಿಲಲ್ಲೇ ಬಿಟ್ಟು ರೂಢಿ. ಅಲ್ಲಿ ಬೂಟು ಸಮೇತ ಮುಂದಿನ ಬೆಂಚಿಗೇ ನಡೆಯಬಹುದು. ತಲೆ ಮೇಲೆ ಸೆರಗು ಹೊದ್ದವರು ಇಡೀ ಸಭೆಗೆ ಒಬ್ಬರೇ. ಸುಗ್ಗಿ ಹಬ್ಬ ಅಲ್ಲೂ ಉಂಟು, ಆದರೆ ಬಂದ ಡಬ್ಬಿಗಳೆಲ್ಲ ತಣ್ಣಗೆ ಬಡವರಿಗೆ ಹೋಗುತ್ತವೆ. ತೆಂಗಿನಕಾಯಿ, ಕುಂಬಳಕಾಯಿ ಹರಾಜು ಕೂಗದ ಸುಗ್ಗಿ ಎಂಥ ಸುಗ್ಗಿಯೋ!

ಮೈಸೂರು ಸೀಮೆಗೆ 19ನೇ ಶತಮಾನದಲ್ಲಿ ವೆಸ್ಲಿಯನ್ ಮೆಥೊಡಿಸ್ಟ್ ಮಿಷನರಿಗಳನ್ನು ಕಳಿಸಿದ್ದು ಇದೇ ಇಂಗ್ಲೆಂಡು. ಇಲ್ಲಿ ಮೆಥೊಡಿಸ್ಟರೂ ಆಂಗ್ಲಿಕನ್ನರೂ ಇತರರ ಜೊತೆ ಕೂಡಿ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಾದರು; ತವರಿನಲ್ಲಿ ಇಬ್ಬರದೂ ಇನ್ನೂ ಬೇರೆ ಬೇರೆ ಮನೆ. ಹಾಗಾಗಿ ಹಿರಿಯೂರಿನ ಅಜ್ಜಿಗೆ ಯಾವ ಬಾಗಿಲು ಹೊಗಬೇಕೆಂಬುದೇ ಗೊಂದಲ. ಎಲ್ಲಿ ಹೊಕ್ಕರೂ ನಗುಮುಖ, ಆರಾಧನೆ ಮುಗಿದ ಮೇಲೆ ಕಾಫಿ. ‘ಯಾವೂರು, ಯಾರ ಪೈಕಿ?’ ಎಂದು ಮಾತ್ರ ಯಾರೂ ಕೇಳರು. ಮಳೆಯ ಸುದ್ದಿಯಲ್ಲೇ ಮಾತು ಮುಗಿಯುತ್ತದೆ.

ಊರಿನ ಬೆಳಗಿನ 9 ಗಂಟೆಯ ಆರಾಧನೆಯನ್ನು ಫೋನಿನಲ್ಲಿ ನೋಡೋಣವೆಂದರೆ ಅಲ್ಲಿ ಚಳಿಗಾಲದ ನಸುಕಿನ ಮೂರೂವರೆ. ಅಜ್ಜಿ ಅಲಾರಂ ಇಟ್ಟೇ ಏಳುತ್ತಾರೆ. ಪ್ರಸಂಗ ಕೇಳುವುದಕ್ಕಿಂತ, ಯಾರ್‍ಯಾರು ಬಂದಿಲ್ಲವೆಂದು ನೋಡುವುದಕ್ಕೆ.