ಹುಳುವಿನ ಬಾಣಂತನ

"ಅಕ್ಕಾರ, ಒಂದು ಗಜ್ಜರಿ ಇದ್ರ ಕೊಡ್ರಿ. ಪಲ್ಯಾಕಲ್ಲ, ಹುಳಕ್ಕ."

ಮುಂಬಯಿ ಹತ್ತಿರದ ದಿವಾದ ಚಾಳಿನಲ್ಲಿ ಬೇಲಿ ಎಲ್ಲಿಂದ ಬರಬೇಕು? ಗ್ಯಾಲರಿಯ ಗ್ರಿಲ್ಲೇ ನಮಗೆ ಬೇಲಿ. ಆ ಕಡೆ ವಿಜಯಪುರದ ವೈನಿ, ಈ ಕಡೆ ನಾನು. ನೀರು ಬಂತೇ, ಲೋಕಲ್ ಲೇಟೇ ಎಂಬಲ್ಲಿಗೆ ಮುಗಿಯುತ್ತಿದ್ದ ಮಾತು ಈಗ ಹುಳುಗಳ ಯೋಗಕ್ಷೇಮಕ್ಕೆ ಬಂದು ನಿಂತಿದೆ.

ವೈನಿಯ ಮಗ ಬಿಯರ್ಡೆಡ್ ಡ್ರ್ಯಾಗನ್ ಸಾಕಿದ್ದಾನೆ. ಆಸ್ಟ್ರೇಲಿಯಾದ ಗಡ್ಡದ ಓತಿಕ್ಯಾತ ಅನ್ನಿ. ಸಿಟ್ಟು ಬಂದರೆ ಗಂಟಲು ಉಬ್ಬಿಸಿ ಕಪ್ಪಾಗುತ್ತದೆ. ನಮ್ಮ ಉಡವನ್ನೋ ನಕ್ಷತ್ರ ಆಮೆಯನ್ನೋ ಮನೆಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಪಟ್ಟಿಯಲ್ಲಿರುವ ಪರದೇಶಿ ಪ್ರಾಣಿಗಳಿಗೆ 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ. "ರೇಷನ್ ಕಾರ್ಡಿನ್ಯಾಗ ಸೊಸಿ ಹೆಸರು ಸೇರ್ಸಾಕ ಚಪ್ಪಲಿ ಸವದಾವು. ಇಂಥಾ ಪ್ರಾಣಿದು ಕುಂತಲ್ಲೇ ಆಗ್ತೈತಂತ ನೋಡ್ರಿ" ಎಂಬುದು ವೈನಿಯ ತಕರಾರು.

ಓತಿಯ ಊಟಕ್ಕೆಂದು ಮಗ ಮೊದಲು ಕ್ರಾಫರ್ಡ್ ಮಾರ್ಕೆಟ್‌ನಿಂದ ಕ್ರಿಕೆಟ್ ಹುಳು ತಂದ. ಸಂಜೆಯ ಲೋಕಲ್‌ನಲ್ಲಿ ಜನರೇ ಉಸಿರು ಬಿಗಿಹಿಡಿದು ನಿಂತಿರುವಾಗ ಅವನ ಡಬ್ಬಿಯೊಳಗೆ ಸಂಗೀತ! ಕೂಗುವುದು ಗಂಡುಗಳು ಮಾತ್ರವಂತೆ, ಆದರೂ ಚಾಳಿನ ತೆಳು ಗೋಡೆಗೆ ಅಷ್ಟು ಸಾಕು. ಆಮೇಲೆ ಮೀಲ್‌ವರ್ಮ್‌ಗೆ ಬದಲಾಯಿಸಿದ. ಇವಕ್ಕೆ ಸದ್ದಿಲ್ಲ, ನುಣುಪು ಪ್ಲಾಸ್ಟಿಕ್ ಹತ್ತಲೂ ಬಾರದು. ನಮ್ಮ ರವೆ ಡಬ್ಬಿಯ ಕೆಂಪು ಹುಳು ಇದೆಯಲ್ಲ, ಅದರ ಬಳಗವೇ. ನಾವು ಜರಡಿ ಹಿಡಿದು ಹುಳು ಎಸೆಯುತ್ತೇವೆ, ಅವರು ಜರಡಿ ಹಿಡಿದು ಹುಳು ಉಳಿಸುತ್ತಾರೆ.

ಡಬ್ಬಿಯಲ್ಲಿ ಗಿರಣಿಯ ಗೋಧಿ ಹೊಟ್ಟು, ಮೇಲೆ ಗಜ್ಜರಿಯ ಹೋಳು. ನೀರು ಹಾಕುವಂತಿಲ್ಲ, ದಾಹಕ್ಕೆ ಗಜ್ಜರಿಯೇ. ಹುಳು ಬಲಿತು ಬೆಳ್ಳಗೆ ಬಾಗಿದ ಕೋಶವಾಗುತ್ತದೆ; ಕಾಲಿಲ್ಲದವರಂತೆ ಬಿದ್ದಿರುತ್ತದೆ, ಮುಟ್ಟಿದರೆ ಸೊಂಟ ಕುಣಿಸುತ್ತದೆ. ಅದನ್ನು ಕೂಡಲೇ ಎತ್ತಿ ಬೇರೆ ಡಬ್ಬಿಗೆ ಹಾಕಬೇಕು, ಇಲ್ಲದಿದ್ದರೆ ನೆಂಟರೇ ತಿಂದಾರು. ಕೋಶದಿಂದ ಬಂದ ಜೀರುಂಬೆ ಮೊದಲು ಮಾಸಲು, ಆಮೇಲೆ ಕಡುಕಪ್ಪು. ಮೊಟ್ಟೆ ಇಡುವುದೂ ಅದೇ, ಬಿಟ್ಟರೆ ತಿನ್ನುವುದೂ ಅದೇ. ಹೀಗಾಗಿ ಹೆತ್ತವರನ್ನೂ ಸ್ಥಳಾಂತರಿಸಬೇಕು. ಮೂರು ಡಬ್ಬಿಯ ಈ ಸಂಸಾರದಲ್ಲಿ ವೈನಿಗೆ ಬಿಡುವಿಲ್ಲ. ಮಳೆಗಾಲದಲ್ಲಂತೂ ಹೊಟ್ಟು ಪಸೆ ಹಿಡಿದು ಬೂಷ್ಟು ಬರುತ್ತದೆ; ನಮ್ಮ ಬಟ್ಟೆ ಒಣಗದಿದ್ದರೂ ಹುಳುವಿನ ಹಾಸಿಗೆ ಒಣಗಿರಬೇಕು.

ಬಡಿಸುವ ಮುನ್ನ ಚಿರೋಟಿಗೆ ಸಕ್ಕರೆ ಪುಡಿ ಉದುರಿಸಿದ ಹಾಗೆ ಹುಳುವಿಗೆ ಕ್ಯಾಲ್ಸಿಯಂ ಪುಡಿ. ಹುಳುವಿನಲ್ಲಿ ರಂಜಕ ಹೆಚ್ಚು, ಸುಣ್ಣ ಕಡಿಮೆ. ಪುಡಿ ತಪ್ಪಿದರೆ ಓತಿಯ ಮೂಳೆ ಮೆತ್ತಗಾಗಿ ಬಾಗುತ್ತದೆ. ಹುಳುವಿನ ಗಾತ್ರವೂ ಓತಿಯ ಎರಡು ಕಣ್ಣುಗಳ ನಡುವಿನ ಅಂತರ ಮೀರಬಾರದು. ನನ್ನ ಮೊಣಕಾಲಿಗೆ ಇಷ್ಟು ಕಾಳಜಿ ಯಾರೂ ಮಾಡಿಲ್ಲ.

ಜರಡಿಯಿಂದ ಉದುರಿದ ಹಿಕ್ಕೆಯನ್ನು ವೈನಿ ನನ್ನ ದಾಸವಾಳದ ಕುಂಡಕ್ಕೆ ಸುರಿಯುತ್ತಾರೆ. ಒಳ್ಳೆಯ ಗೊಬ್ಬರ, ಗಿಡ ಮೈತುಂಬ ಹೂ ಬಿಟ್ಟಿದೆ. ಈಗ ಓತಿ ದೊಡ್ಡದಾಯಿತು. ಬೆಳೆದ ಮೇಲೆ ಅದಕ್ಕೆ ಹುಳು ಕಡಿಮೆ, ಸೊಪ್ಪು ಸದೆಯೇ ಮುಖ್ಯ ಊಟ. ದಾಸವಾಳದ ಎಲೆ, ಹೂ ಎರಡೂ ನಡೆಯುತ್ತವೆ. "ಗೊಬ್ಬರ ನಮ್ಮ ಹುಳದ್ದಲ್ಲೇನ್ರಿ ಅಕ್ಕಾರ?" ಎಂದು ವೈನಿ ಗ್ರಿಲ್ಲಿನಿಂದ ಕೈ ಚಾಚಿದರು. ಹೂ ಗಣಪತಿಗೆ, ಎಲೆ ಓತಿಗೆ ಎಂದು ಸದ್ಯಕ್ಕೆ ರಾಜಿಯಾಗಿದೆ.