ಉಲ್ಲನಕ್ಕನ ಸಂಗ

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯಲ್ಲಿ. ಅಂಥ ಚಳಿ ಮತ್ತೊಮ್ಮೆ ಬಂತು ಅನ್ನಿ, ಇಡೀ ಬಸವನಗುಡಿಯನ್ನು ಬೆಚ್ಚಗಿಡುವಷ್ಟು ಉಲ್ಲನ್ನು ನನ್ನ ಗೆಳತಿಯ ದಿವಾನದ ಹೊಟ್ಟೆಯೊಳಗಿದೆ. ಚಳಿ ಬರುವ ಲಕ್ಷಣ ಮಾತ್ರ ಕಾಣುತ್ತಿಲ್ಲ. ಫೆಬ್ರವರಿ ಮುಗಿಯುವ ಮೊದಲೇ ಫ್ಯಾನು ಹಾಕಿಕೊಂಡು, ಅದರ ಕೆಳಗೆ ಕುತ್ತಿಗೆ ಮುಚ್ಚುವ ಸ್ವೆಟರ್ ಹೆಣೆಯುತ್ತ ಕೂರುವ ಈ ಪಂಗಡದವರಿಗೆ ನಾನಿಟ್ಟ ಹೆಸರು ಉಲ್ಲನಕ್ಕ. ಬಡಾವಣೆಗೆ ಒಬ್ಬರಾದರೂ ಇದ್ದೇ ಇರುತ್ತಾರೆ. ನಮ್ಮ ಗುಂಪಿಗೆ ಒಬ್ಬಳು ಸಾಲದೆಂದು ದೇವರು ಇಬ್ಬರನ್ನು ಕರುಣಿಸಿದ್ದಾನೆ. ಮೂರನೆಯವಳು ಕ್ರೋಶಾ ಹಾಕುತ್ತಾಳೆ. ಅವಳದು ಒಂದೇ ಕಡ್ಡಿಯ ಕಸುಬು ಅಂತ ಇವರಿಬ್ಬರೂ ಅವಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕನೆಯವಳು ನಾನು. ನನಗೆ ಗುಂಡಿ ಹೊಲಿಯಲು ಬರುತ್ತದೆ.

ಶನಿವಾರ ಮಧ್ಯಾಹ್ನ ಸೇರುವುದು ವಾಡಿಕೆ. ಏನು ಹಾಕ್ತಾ ಇದೀಯ, ಏನು ತಗೊಂಡೆ, ಏನು ಓದ್ತಾ ಇದೀಯ ಎಂಬ ಮೂರು ಪ್ರಶ್ನೆಗಳಲ್ಲಿ ನಮ್ಮ ಸಭೆ ಮುಗಿಯುತ್ತದೆ. ಮಗನಿಗೆ ಹೆಣ್ಣು ಗೊತ್ತಾಯಿತು ಎಂದು ನಾನು ಹೇಳಿದ ದಿನ, "ಹೌದಾ! ಒಳ್ಳೇದಾಯ್ತು ಕಣೆ" ಎಂದು ಮೂವರೂ ಮನಸಾರೆ ಸಂತೋಷಪಟ್ಟು, ಕಾಲರಿನ ಪಟ್ಟಿ ಎರಡು ಉಲ್ಟಾ ಎರಡು ಸೀದಾ ಇರಬೇಕೋ ಒಂದೊಂದು ಸಾಕೋ ಎಂಬ ಚರ್ಚೆಗೆ ಮರಳಿದರು. ನಾವು ಸೇರುವ ಮನೆಯಲ್ಲಿ ಕೋಡುಬಳೆ, ಚಕ್ಕುಲಿ ಯಾವುದೂ ಹೊರಗೆ ಬರುವ ಹಾಗಿಲ್ಲ, ಎಣ್ಣೆ ಕೈ ಉಲ್ಲನ್ನಿಗೆ ತಗುಲುತ್ತದೆ. ಅವಲಕ್ಕಿ, ಅದೂ ಚಮಚದಲ್ಲಿ.

ಉಲ್ಲನಕ್ಕನ ದೊಡ್ಡ ಆಯುಧ ಎಣಿಕೆ. ನಿಮ್ಮ ಅಕ್ಕನ ಆಪರೇಷನ್ನಿನ ಸುದ್ದಿ ಹೇಳಲು ನೀವು ಬಾಯಿ ತೆರೆಯುತ್ತೀರಿ. ಅವಳ ಎಡಗೈಯ ತೋರುಬೆರಳು ಮೇಲೇಳುತ್ತದೆ. ತುಟಿ ಅಲುಗುತ್ತಿರುತ್ತದೆ: ನಲವತ್ತೆಂಟು, ನಲವತ್ತೊಂಬತ್ತು... ನೀವು ಬಾಯಿ ತೆರೆದುಕೊಂಡೇ ಕೂತಿರುತ್ತೀರಿ. ಸಾಲು ಮುಗಿದು ಕಡ್ಡಿ ತಿರುಗಿಸಿಕೊಂಡ ಮೇಲೆ, "ಹೂಂ, ಈಗ ಹೇಳು. ಯಾರು ಹೋಗ್ಬಿಟ್ರು?" ಅವಳ ಯಜಮಾನರು ಜಗಳವನ್ನು ಸಾಲಿನ ಕೊನೆಯವರೆಗೆ ತಡೆಹಿಡಿಯುವ ವಿದ್ಯೆ ಕಲಿತಿದ್ದಾರೆ. ಅಷ್ಟರಲ್ಲಿ ಜಗಳದ ಕಾರಣ ಮರೆತುಹೋಗುತ್ತದಂತೆ. ಅವರದು ಸುಖಸಂಸಾರ.

ಕೊಳ್ಳುವುದಕ್ಕೂ ಹೆಣೆಯುವುದಕ್ಕೂ ಸಂಬಂಧವಿದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಅವೆರಡೂ ಬೇರೆ ಬೇರೆ ಹವ್ಯಾಸಗಳು. ಎಲ್ಲಕ್ಕೂ ಮೂಲ ಲಾಟ್ ನಂಬರು. ಒಂದೇ ಬಣ್ಣ, ಒಂದೇ ಕಂಪನಿಯದಾದರೂ ಬೇರೆ ಬೇರೆ ಸಲ ಬಣ್ಣದ ತೊಟ್ಟಿಗಿಳಿದ ನೂಲು ಒಂದೇ ಥರ ಬರುವುದಿಲ್ಲ. ಅದಕ್ಕೇ ಪ್ರತಿ ಉಂಡೆಯ ಕಾಗದದ ಪಟ್ಟಿಯ ಮೇಲೂ ಲಾಟ್ ನಂಬರು ಅಚ್ಚಾಗಿರುತ್ತದೆ. ಬೆನ್ನು ಒಂದು ಲಾಟು, ತೋಳು ಇನ್ನೊಂದು ಲಾಟು ಆಯಿತೋ, ಬಿಸಿಲಿಗೆ ನಿಂತ ಕೂಡಲೇ ಗುಟ್ಟು ರಟ್ಟು. ಆದ್ದರಿಂದ ಬೇಕಾದ್ದಕ್ಕಿಂತ ಎರಡು ಉಂಡೆ ಹೆಚ್ಚಿಗೆ ತರಬೇಕು. ಆ ಎರಡು ಉಳಿಯುತ್ತವೆ. ಉಳಿದದ್ದಕ್ಕೆ ಒಂದು ಟೋಪಿ ಆಗುತ್ತದೆ, ಆದರೆ ಅಂಚಿಗೆ ಬೇರೆ ಬಣ್ಣ ಬೇಕು. ಆ ಬೇರೆ ಬಣ್ಣವನ್ನು ಒಂದೇ ಉಂಡೆ ತಂದರೆ ಆದೀತೇ? ಹೀಗೆ ದಿವಾನ ತುಂಬಿತು, ಮಗಳು ಮದುವೆಯಾಗಿ ಹೋದ ಕೋಣೆ ತುಂಬಿತು, ಈಗ ಅಡುಗೆಮನೆಯ ಅಟ್ಟದಲ್ಲಿ ತಾಮ್ರದ ಹಂಡೆಯ ಒಳಗೆ ಬೇವಿನೆಲೆ, ನುಸಿಗುಳಿಗೆಗಳ ನಡುವೆ ತಿಳಿಹಸಿರು ಉಲ್ಲನ್ನು ಮಲಗಿದೆ. ಹಂಡೆಯ ಸಂಗತಿ ಯಜಮಾನರಿಗೆ ಗೊತ್ತಿಲ್ಲ. ಇದನ್ನು ಅವರು ಓದದಿರಲಿ.

ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿಗೆ ಅವಳು ಲೇಸು, ಗುಂಡಿ ನೆಪ ಮಾಡಿಕೊಂಡು ಹೋಗುತ್ತಾಳೆ. ಉತ್ತರ ಭಾರತದ ಯಾತ್ರೆಗೆ ಹೋದಾಗ ಎಲ್ಲರೂ ಅಮೃತಸರದ ಸ್ವರ್ಣಮಂದಿರ ನೋಡಲು ತವಕಿಸುತ್ತಿದ್ದರೆ, ಉಣ್ಣೆ ಬಟ್ಟೆಗೆ ಹೆಸರಾದ ಲೂಧಿಯಾನ ದಾರಿಯಲ್ಲೇ ಸಿಗುತ್ತದೆಂದು ಇವಳಿಗೆ ಗೊತ್ತಿತ್ತು. ಗಂಗಾಜಲದ ತಂಬಿಗೆ ಇಡಬೇಕಾದ ಚೀಲದಲ್ಲಿ ಏನು ಬಂತೆಂದು ಬೇರೆ ಹೇಳಬೇಕೆ? ಹೊರದೇಶದಿಂದ ಯಾರು ಬಂದರೂ ಮೆರಿನೋ ತರಬೇಕು. ಆ ಕುರಿಯ ವಂಶಾವಳಿ, ಮೈಗುಣ, ಅದರ ತುಪ್ಪಟ ಎಷ್ಟು ನವುರು ಎಂಬುದನ್ನೆಲ್ಲ ಬೀಗರ ಕುಲಗೋತ್ರ ಹೇಳಿದಷ್ಟು ಅಕ್ಕರೆಯಿಂದ ಹೇಳುತ್ತಾಳೆ. ನಮ್ಮ ದಖ್ಖನಿ ಕುರಿ ಏನು ಪಾಪ ಮಾಡಿತ್ತು ಎಂದು ಕೇಳಿ, ಚಳ್ಳಕೆರೆಯಿಂದ ತರಿಸಿದ ಕಂಬಳಿಯನ್ನು ಒಮ್ಮೆ ಅವಳ ಮಡಿಲಿಗೆ ಹಾಕಿದೆ. ಹುಣಸೆಬೀಜದ ಗಂಜಿ ಹಾಕಿ ನೇಯ್ದದ್ದು, ಮಳೆ ನೀರು ಸುಲಭಕ್ಕೆ ಒಳಗಿಳಿಯುವುದಿಲ್ಲ, ಕುರುಬರು ಹೊದ್ದು ಬಯಲಲ್ಲೇ ಮಲಗುತ್ತಾರೆ ಎಂದೆಲ್ಲ ಭಾಷಣ ಬಿಗಿದೆ. ಅವಳು ಎರಡು ಬೆರಳಲ್ಲಿ ಹಿಸುಕಿ ನೋಡಿ, "ಚುಚ್ಚತ್ತೆ ಕಣೆ" ಎಂದಳು. ಚುಚ್ಚುತ್ತದೆ, ನಿಜ. ನಾನೂ ಅದನ್ನು ಹೊದೆಯುವುದಿಲ್ಲ, ಸೋಫಾದ ಮೇಲೆ ಹಾಸಿ ಬಂದವರಿಗೆ ತೋರಿಸುತ್ತೇನೆ.

ಇಷ್ಟನ್ನೂ ಸಹಿಸಬಹುದು. ಸಹಿಸಲಾಗದ್ದು ಲಡಿ.

ದುಬಾರಿ ಉಲ್ಲನ್ನು ಅನೇಕ ಸಲ ಉಂಡೆಯಾಗಿ ಬರುವುದಿಲ್ಲ, ಲಡಿಯಾಗಿ ಬರುತ್ತದೆ. ಹಾಗೆಯೇ ಹೆಣೆಯಲು ಕೂತರೆ ಗಂಟುಗಂಟಾಗುತ್ತದೆ, ಮೊದಲು ಉಂಡೆ ಸುತ್ತಿಕೊಳ್ಳಬೇಕು. ಕಾಲುಚೀಲದ ನೂರು ಗ್ರಾಂ ಲಡಿಯಲ್ಲಿ ಸುಮಾರು 400 ಮೀಟರ್ ದಾರವಿರುತ್ತದೆ. ಅದನ್ನು ಸುತ್ತುವಷ್ಟು ಹೊತ್ತು ಯಾರಾದರೂ ಎರಡು ಕೈ ಚಾಚಿ ಲಡಿಯನ್ನು ತೊಟ್ಟು ಕೂರಬೇಕು. ನಮ್ಮ ಗುಂಪಿನಲ್ಲಿ ಕೈ ಖಾಲಿ ಇರುವವಳು ಒಬ್ಬಳೇ. "ಬಾರೇ, ಒಂದೇ ಒಂದು ನಿಮಿಷ ಕೈ ಕೊಡು" ಎನ್ನುತ್ತಾಳೆ. ಲಡಿ ಏರಿತೆಂದರೆ ಮುಗಿಯಿತು, ನೀವು ಮನುಷ್ಯರಲ್ಲ. ಹೆಬ್ಬೆರಳು ಮೇಲಕ್ಕಿರಬೇಕು. ದಾರ ಎಡಗೈಯಿಂದ ಬಿಚ್ಚುವಾಗ ಎಡಕ್ಕೆ, ಬಲಗೈಯಿಂದ ಬಿಚ್ಚುವಾಗ ಬಲಕ್ಕೆ ತುಸುವೇ ವಾಲಬೇಕು. ಮೂಗು ತುರಿಸುವುದು ಆಗಲೇ. ಕನ್ನಡಕ ಜಾರುವುದು ಆಗಲೇ.

ಒಂದು ಶನಿವಾರ ಉಳಿದಿಬ್ಬರು ಬರುವ ಮೊದಲು ನಾವು ಹೀಗೆ ಅರ್ಧ ಲಡಿಯಲ್ಲಿದ್ದಾಗ ಬಾಗಿಲ ಬೆಲ್ಲಾಯಿತು. ಗ್ಯಾಸಿನವನು. ಯಜಮಾನರು ಮನೆಯಲ್ಲಿಲ್ಲ. ನಾನು ಎದ್ದರೆ ಲಡಿ ಸಡಿಲಾಗುತ್ತದೆ, ಅವಳು ಉಂಡೆ ಕೆಳಗಿಟ್ಟರೆ ದಾರ ಸಿಕ್ಕಾಗುತ್ತದೆ. "ಇಬ್ರೂ ಹೋಗೋಣ, ನಿಧಾನಕ್ಕೆ" ಎಂದಳು. ಎರಡು ಕೈ ಮುಂದೆ ಚಾಚಿಕೊಂಡು ನಾನು ಮುಂದೆ, ದಾರ ಬಿಗಿಯದಂತೆ ಉಂಡೆಯನ್ನು ಎದೆಮಟ್ಟದಲ್ಲಿ ಹಿಡಿದು ಅವಳು ಹಿಂದೆ, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಹಜಾರ ದಾಟಿದೆವು. ಅವಳು ಮೊಣಕೈಯಲ್ಲಿ ಚಿಲಕ ತೆಗೆದಳು. ನನ್ನ ಕೈಗಳ ನಡುವೆ ಅರಿಸಿನ ಬಣ್ಣದ ಲಡಿ. ಆ ಹುಡುಗ ನನ್ನ ಕೈ ನೋಡಿದ, ದಾರ ನೋಡಿದ, ಅವಳ ಕೈಯ ಉಂಡೆ ನೋಡಿದ. ದನಿ ತಗ್ಗಿಸಿ, "ಏನಾದ್ರೂ ಪೂಜೆನಾ ಅಮ್ಮಾ?" ಎಂದ. ನಾನು ಇಲ್ಲ ಎನ್ನುವಷ್ಟರಲ್ಲಿ ಅವಳ ತೋರುಬೆರಳು ಮೇಲೆದ್ದಿತು, ಸುತ್ತು ಎಣಿಸುತ್ತಿದ್ದಳೆಂದು ಕಾಣುತ್ತದೆ. ಅವನು ಅದನ್ನು ಮೌನವ್ರತವೆಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಬಂದ. ಟೀಪಾಯಿ ಮೇಲಿದ್ದ ಫೋನನ್ನು ಅವಳು ಗಲ್ಲದಿಂದ ತೋರಿಸಿದಳು. ಕೋಡನ್ನು ತಾನೇ ಓದಿಕೊಂಡು, ಸಿಲಿಂಡರನ್ನು ಸದ್ದಾಗದಂತೆ ಇಳಿಸಿ, ಹೋಗುವಾಗ ನಮ್ಮಿಬ್ಬರಿಗೂ ಕೈ ಮುಗಿದು ಹೋದ. ಅವಳಿಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಲಡಿಯನ್ನು ಕುರ್ಚಿಯ ಬೆನ್ನಿಗೆ ಹಾಕಿಯೂ ಸುತ್ತಬಹುದು ಎಂಬುದು ನನಗೆ ಬಹಳ ತಡವಾಗಿ, ಕ್ರೋಶಾದವಳಿಂದ ತಿಳಿಯಿತು. ಅದಕ್ಕೆಂದೇ ಕೊಡೆಯ ಹಾಗೆ ಬಿಚ್ಚಿ ತಿರುಗುವ ಸಾಧನವೂ ಇದೆಯಂತೆ. ಹರಿಹಾಯಲೆಂದೇ ಹೋದೆ. "ಗೊತ್ತು ಕಣೆ. ಆದ್ರೆ ಕುರ್ಚಿ ಮಾತಾಡಲ್ವಲ್ಲ" ಎಂದಳು. ಮರುಮಾತಿಲ್ಲದೆ ಕೈ ಚಾಚಿದೆ.

ಇನ್ನು ಓದು. ಉಲ್ಲನಕ್ಕಂದಿರಿಗೆ ಪುಸ್ತಕವೆಂದರೆ ಮೊದಲು ಬೈಂಡಿಂಗು, ಆಮೇಲೆ ಲೇಖಕರು. ಮಡಿಲಲ್ಲಿ ತೆರೆದಿಟ್ಟರೆ ಮುಚ್ಚಿಕೊಳ್ಳಬಾರದು. ನಮ್ಮ ಅಂಟು ಬೈಂಡಿಂಗಿನ ಪುಸ್ತಕಗಳು ಆ ಪರೀಕ್ಷೆಯಲ್ಲಿ ನಪಾಸು. ಇವಳು ಅವುಗಳ ಮೇಲೆ ಅಡಿಕೆ ಕುಟ್ಟುವ ಕುಟ್ಟಾಣಿ ಇಟ್ಟು ಓದುತ್ತಾಳೆ. ಕವಿತೆಗೆ ಅವಳ ಮನೆಯಲ್ಲಿ ಬಹಳ ಗೌರವ, ಸಾಲು ಚಿಕ್ಕದು ಅಂತ. ಕಥೆಯ ಬಿಸಿ ಏರಿದಂತೆ ಕೈ ಬಿಗಿಯಾಗಿ ಹೆಣಿಗೆಯೂ ಬಿಗಿಯುತ್ತದೆ ಎಂಬುದನ್ನು ನನಗೆ ತೋರಿಸಿಕೊಟ್ಟವಳೂ ಅವಳೇ. ಭೈರಪ್ಪನವರ 'ಪರ್ವ' ಓದುತ್ತ ಹಾಕಿದ ಬೂದು ಸ್ವೆಟರಿನ ಬೆನ್ನನ್ನು ಬೆಳಕಿಗೆ ಹಿಡಿದು, "ಇಲ್ಲಿ ನೋಡು, ಕುಂತಿ. ಇನ್ನೂ ಸಡಿಲವಾಗಿದೆ. ಇಲ್ಲಿ ಯುದ್ಧ ಶುರುವಾಯ್ತು" ಎಂದಳು. ಭುಜದ ಹತ್ತಿರ ಎರಡಂಗುಲ ಹೆಣಿಗೆ ನಿಜಕ್ಕೂ ಗಂಟಲು ಹಿಡಿದಂತಿತ್ತು. ಆ ಸ್ವೆಟರು ಯಾರಿಗೂ ಹಿಡಿಸಲಿಲ್ಲ.

ಎರಡನೇ ಉಲ್ಲನಕ್ಕ ಇಂಗ್ಲಿಷ್ ಕಡೆಯವಳು. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಉಲ್ಲನ್ನು ಹಾಕುತ್ತಲೇ ಕೊಲೆಗಾರರನ್ನು ಹಿಡಿಯುವುದರಿಂದ, ಇವಳೂ ನಮ್ಮನ್ನು ಕನ್ನಡಕದ ಮೇಲಿಂದ ನೋಡುತ್ತಾಳೆ. ಡಿಕನ್ಸ್ 1859ರಲ್ಲಿ ಬರೆದ 'ಎ ಟೇಲ್ ಆಫ್ ಟೂ ಸಿಟೀಸ್'ನಲ್ಲಿ ಮದಾಮ್ ಡಿಫಾರ್ಜ್ ಸಾಯಬೇಕಾದವರ ಹೆಸರುಗಳನ್ನು ಹೆಣಿಗೆಯಲ್ಲೇ ಬರೆದಿಡುತ್ತಾಳಲ್ಲ, ಅದನ್ನು ಓದಿದ ವಾರ ಅವಳು ನನ್ನ ಹೆಸರಿನ ಸ್ಪೆಲ್ಲಿಂಗ್ ಕೇಳಿದಳು.

ನನ್ನವಳು ಮಾತ್ರ ಬಹುಕಾಲದಿಂದ 'ಮಲೆಗಳಲ್ಲಿ ಮದುಮಗಳು' ಓದುತ್ತಿದ್ದಾಳೆ. ಕೊನೆಯ ಭಾಗದಲ್ಲಿ ಒಂದು ಕೆಂಪು ದಾರ ಗುರುತಿಗೆ ಸಿಕ್ಕಿಸಿದೆ, ಅದು ಮುಂದಕ್ಕೆ ಹೋಗುತ್ತಿಲ್ಲ. ನಾಯಿಗುತ್ತಿಯ ನಾಯಿ ಹುಲಿಯನಿಗೆ ಕೊನೆಗೆ ಏನಾಗುತ್ತದೆಂದು ಯಾರೋ ಬಾಯಿತಪ್ಪಿ ಹೇಳಿಬಿಟ್ಟಿದ್ದಾರೆ. "ನನ್ನ ಪುಸ್ತಕದಲ್ಲಿ ಅದು ಇನ್ನೂ ಓಡಾಡ್ತಾ ಇದೆ, ಬಿಡು" ಎನ್ನುತ್ತಾಳೆ. ಅವಳ ಮನೆಯಲ್ಲಿ ಎಡತೋಳಿಲ್ಲದ ಸ್ವೆಟರುಗಳು, ಜೋಡಿಯಿಲ್ಲದ ಕಾಲುಚೀಲಗಳು ಎಷ್ಟಿವೆಯೆಂದು ನಾನು ಕೇಳುವುದನ್ನು ಆಮೇಲೆ ಬಿಟ್ಟೆ.

ಮುಗಿದದ್ದೂ ಉಂಟು, ಅನ್ಯಾಯ ಹೇಳಬಾರದು. ನಮ್ಮ ಬಳಗದ ಯಾವ ಬಾಣಂತಿಯ ಮಗುವೂ ಅವಳು ಹೆಣೆದ ಕುಲಾವಿಯಿಲ್ಲದೆ ಆಸ್ಪತ್ರೆಯಿಂದ ಮನೆಗೆ ಬಂದಿಲ್ಲ. ಸ್ವೆಟರಿನ ವಿಷಯದಲ್ಲಿ ಅಳತೆ ಕೈಕೊಡುತ್ತದೆ. ಹತ್ತು ಸೆಂಟಿಮೀಟರ್ ಚೌಕದ ತುಂಡೊಂದನ್ನು ಮೊದಲು ಹೆಣೆದು, ತೊಳೆದು, ಒಣಗಿಸಿ ಅಳೆಯಬೇಕು ಎಂದು ಎಲ್ಲರಿಗೂ ಬೋಧಿಸುತ್ತಾಳೆ, ತಾನು ಮಾಡುವುದಿಲ್ಲ. ಮೈದುನನ ಮಗನಿಗೆಂದು ಹಾಕಿದ್ದು ಮೈದುನನಿಗೇ ಆಯಿತು. ಅವಳ ಯಜಮಾನರು ಬೆಳಗಿನ ವಾಕಿಂಗಿಗೆ ತೊಡುವುದು ಚಳಿಗಾಲದಲ್ಲಿ ಫುಟ್‌ಪಾತಿಗೆ ಬರುವ ಟಿಬೆಟನ್ನರಿಂದ ಚೌಕಾಸಿ ಮಾಡಿ ತಂದ ಮಿಷನ್ ಸ್ವೆಟರು.

ಅವಳ ಹತ್ತನೇ ನಂಬರಿನ ಕಡ್ಡಿಗಳಲ್ಲಿ ಒಂದು ಸ್ವಲ್ಪ ಬಾಗಿದೆ. ಹಳೆಯ ಲೆಕ್ಕದಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ಸಣ್ಣ, ಇದು ಮೂರೂಕಾಲು ಮಿಲಿಮೀಟರು. ಅವಳ ಅಮ್ಮನದು. 1962ರಲ್ಲಿ ಚೀನಾ ಗಡಿಯಲ್ಲಿದ್ದ ಜವಾನರಿಗೆ ಬೆಚ್ಚನೆಯ ಬಟ್ಟೆ ಸಾಲದೆ ಹೋದಾಗ ದೇಶದ ಎಷ್ಟೋ ಕಡೆ ಹೆಂಗಸರು ಸ್ವೆಟರು, ಕಾಲುಚೀಲ ಹೆಣೆದು ಕಳಿಸಿದರು. ಮೈಸೂರಿನಲ್ಲಿ ಆ ತಾಯಿಯೂ ರಾತ್ರಿ ಊಟವಾದ ಮೇಲೆ ಕೂತು ಹೆಣೆಯುತ್ತಿದ್ದರಂತೆ. ಇಷ್ಟದ ಬಣ್ಣ ಆರಿಸುವ ಮಾತೇ ಇಲ್ಲ. ತೊಡುವ ಹುಡುಗನ ಎದೆಯಳತೆ ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ಅದು ಅವನಿಗೆ ಮುಟ್ಟಿತೋ ಇಲ್ಲವೋ ಎಂದು ತಿಳಿಸುವವರಿಲ್ಲ. ಪಕ್ಕದಲ್ಲಿ ಕೂತು ಲಡಿ ಹಿಡಿಯುತ್ತಿದ್ದದ್ದು ಈ ಮಗಳು. ಕೈ ನೋವೆಂದರೆ ಅಮ್ಮ ಕಥೆ ಹೇಳುತ್ತಿದ್ದರಂತೆ. ಇದನ್ನು ಹೇಳುವಾಗ ಅವಳು ಸಾಲಿನ ನಡುವೆ ನಿಂತಳು, ಎಣಿಕೆ ತಪ್ಪಿತು, ಮತ್ತೆ ಮೊದಲಿಂದ ಎಣಿಸಲೂ ಇಲ್ಲ. ಈ ಪುಟದ ಹೊತ್ತಿಗೆ ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಇರಲಿ, ವಾಪಸು ಕರೆಸಿಕೊಳ್ಳುತ್ತೇನೆ, ಅವಳೇ ದಾರಿ ಮಾಡಿಕೊಟ್ಟಿದ್ದಾಳೆ.

ಕಳೆದ ತಿಂಗಳು ಅವಳು ಉಯಿಲು ಬರೆದಳು. ಮನೆ, ಸೈಟಿನ ವಿಚಾರ ಯಜಮಾನರದು. ಇವಳದು ಉಲ್ಲನ್ನಿನ ಉಯಿಲು. ದಿನಕ್ಕೆ ಇಷ್ಟು ಸಾಲಿನಂತೆ ಹಾಕಿದರೂ ಇರುವ ಉಲ್ಲನ್ನು ಮುಗಿಯಲು ಇನ್ನೊಂದು ಜನ್ಮ ಬೇಕೆಂದು ಅವಳಿಗೇ ಮನವರಿಕೆಯಾಗಿದೆ. ಕಾಲುಚೀಲದ ನೂಲೆಲ್ಲ ಇಂಗ್ಲಿಷ್ ಉಲ್ಲನಕ್ಕನಿಗೆ. ಚೂರುಪಾರು ಕ್ರೋಶಾದವಳಿಗೆ, ಇದಕ್ಕೆ ಕ್ರೋಶಾದವಳು ಎರಡು ವಾರ ಮಾತು ಬಿಟ್ಟಿದ್ದಳು. ನನ್ನ ಪಾಲಿಗೆ ಬೂದು ಬಣ್ಣದ ಒಂಬತ್ತು ಉಂಡೆ.

"ನಂಗೆ ಹೆಣೆಯೋಕೇ ಬರಲ್ವಲ್ಲೇ" ಎಂದೆ.

"ಇಟ್ಕೊಂಡಿರು. ಕೈಗೆ ಹಿತವಾಗಿರತ್ತೆ."

ಆಗಲೂ ಸುಮ್ಮನಿರಬೇಕಿತ್ತು. ಯಾಕೋ ಬಿಟ್ಟುಕೊಡಲು ಮನಸ್ಸಾಗಲಿಲ್ಲ. "ಕೊಡೋದಾದ್ರೆ ಆ ಬೂದಿ ಬಣ್ಣ ಯಾಕೆ? ಹಂಡೆಯಲ್ಲಿರೋ ತಿಳಿಹಸಿರು ಕೊಡು" ಎಂದು ಚೌಕಾಸಿಗಿಳಿದೆ. ಅವಳು ಕಡ್ಡಿ ಕೆಳಗಿಟ್ಟು, ಕನ್ನಡಕ ತೆಗೆದು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅದು ಎರಡು ಲಾಟು ಕಣೆ. ನೀನು ಕಲಸಿಬಿಡ್ತೀಯ."